ವಾದ ಸರಿ ಐತೋ ಇಲ್ಲೋ ನೋಡೋದು ಹ್ಯಾಂಗ

ವಾಟ್ಸಾಪ್ ಗ್ರೂಪಿನ್ಯಾಗ ಆಗ್ಲಿ ಬಸ್‌ಸ್ಟ್ಯಾಂಡಿನ ಚಾದಂಗಡ್ಯಾಗ ಆಗ್ಲಿ, ವಾದ ಹತ್ತಿದ್ರ ನಾವು ಮೊದ್ಲು ನೋಡೋದು ಅವ ಕಡೀಗೆ ಏನಂದ ಅನ್ನೋದನ್ನ. ಅದು ನಮಗ ಒಪ್ಪಿಗಿ ಆದ್ರ "ಕರೆಕ್ಟ್ ಹೇಳಿದಿ ನೋಡು", ಆಗ್ಲಿಲ್ಲಂದ್ರ "ಇವಂಗೇನೂ ಗೊತ್ತಿಲ್ಲ ಬಿಡು". ತರ್ಕ ಅಂದ್ರ ಆ ಕಡೀ ಮಾತನ್ನ ಸ್ವಲ್ಪ ಬಾಜೂಕ ಇಟ್ಟು, ಅಲ್ಲೀ ತನಕ ಅವ ಯಾವ ದಾರ್ಯಾಗ ಬಂದ ಅಂತ ನೋಡೋದು. ನಮ್ಮ ಕೊಪ್ಪಳ ರಾಯಚೂರು ಬಳ್ಳಾರಿ ಕಡೆ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದಾಕ ಕುಂತ ಹುಡುಗ್ರು ರೀಸನಿಂಗ್ ಅಂದ ಕೂಡ್ಲೇ ಶಾರ್ಟ್‌ಕಟ್ ಬಾಯಿಪಾಠ ಮಾಡ್ತಾರ, ಪ್ರಶ್ನೆ ಒಂಚೂರು ತಿರುಗಿಸಿ ಕೇಳಿದ್ರ ಸಿಕ್ಕಿಬೀಳ್ತಾರ. ಅವರಿಗೆ ನಾನು ಹೇಳಿಕೊಡೋ ದಾರಿ ಬ್ಯಾರೆ, ಅದನ್ನೇ ಇಲ್ಲಿ ಬರೀತೀನಿ, ಪರೀಕ್ಷೆ ಕಟ್ಟದವರಿಗೂ ಇದು ಬೇಕಾಗ್ತೈತಿ.

ಮೊದ್ಲು ಒಂದು ಹಾಳಿ ತಗೊಂಡು ವಾದಾನ ಬಿಡಿಸಿ ಬರೀರಿ. ಮನಸ್ಸಿನ್ಯಾಗ ಮಾಡಿದ್ರ ಆಗಂಗಿಲ್ಲ, ಬರೀಲೇಬೇಕು. ಹ್ಯಾಂಗ ಬಿಡಿಸ್ಬೇಕು ಅನ್ನೋದಕ್ಕ ಗೌತಮ ಮುನಿ ಬರೆದ ನ್ಯಾಯಸೂತ್ರ ಅನ್ನೋ ತರ್ಕದ ಹಳೇ ಗ್ರಂಥದಾಗ ಐದು ಭಾಗ ಹೇಳ್ಯಾರ: ಪ್ರತಿಜ್ಞೆ (ಸಾಧಿಸ್ಬೇಕಾದ ಮಾತು), ಹೇತು (ಕಾರಣ), ಉದಾಹರಣೆ (ನಿಯಮ, ಅದಕ್ಕ ಗೊತ್ತಿರೋ ಒಂದು ಸಂಗತಿ), ಉಪನಯ (ಆ ನಿಯಮ ಇಲ್ಲಿಗೂ ಕೂಡ್ತೈತಿ ಅನ್ನೋದು), ನಿಗಮನ (ತೀರ್ಮಾನ). ಗ್ರೀಸಿನ ಅರಿಸ್ಟಾಟಲ್ ಮೂರು ಸಾಲಿನ್ಯಾಗ ಮುಗಿಸ್ತಾನ, ಆದ್ರ ಕಲಿಯೋವಾಗ ಐದೇ ಚಲೋ, ಯಾಕಂದ್ರ ಉದಾಹರಣೆ ಕೊಡು ಅಂತ ಕಡ್ಡಾಯ ಮಾಡಿದ್ರ ಅರ್ಧಕ್ಕರ್ಧ ಪೊಳ್ಳು ವಾದ ಅಲ್ಲೇ ಸಿಕ್ಕಿಬೀಳ್ತಾವು. ಪುಸ್ತಕದಾಗ ಗುಡ್ಡದ ಮ್ಯಾಲಿನ ಹೊಗಿ ಮತ್ತು ಬೆಂಕಿದು ಉದಾಹರಣೆ ಇರ್ತೈತಿ, ಅದು ಸರಿನೇ, ಆದ್ರ ನಮ್ಮ ನೆಲದ್ದೇ ಒಂದು ಐತಿ, ಅದರಾಗ ಕಲಿಯಾಕ ಇನ್ನೂ ಭಾಳ ಸಿಗ್ತೈತಿ.

ಕೊಪ್ಪಳದ ಗವಿಮಠದ ಗುಡ್ಡದಾಗ ಬಂಡಿಗಲ್ಲಿನ ಮ್ಯಾಲೆ ಬ್ರಾಹ್ಮಿ ಲಿಪಿ ಶಾಸನ ಐತಿ. ಅಶೋಕನ ಶಾಸನ ಅಂತ ಸಾಲಿ ಹುಡುಗ್ರೂ ಹೇಳ್ತಾರ. ಆದ್ರ ಆ ಕಲ್ಲಿನ ಮ್ಯಾಲೆ ಅಶೋಕ ಅನ್ನೋ ಹೆಸರೇ ಇಲ್ಲ! ದೇವಾನಂಪಿಯ, ಅಂದ್ರ ದೇವರಿಗೆ ಪ್ರಿಯ ಆದವ, ಅಂತ ಬಿರುದಷ್ಟೇ ಐತಿ. ಹಂಗಿದ್ರ ಅಶೋಕಂದು ಅಂತ ಹ್ಯಾಂಗ ಹೇಳ್ತೀರಿ ಅಂತ ಯಾರರ ಕೇಳಿದ್ರ? ಬರೀರಿ. ಪ್ರತಿಜ್ಞೆ: ಗವಿಮಠದ ಶಾಸನ ಅಶೋಕಂದು. ಹೇತು: ಯಾಕಂದ್ರ ಅದರಾಗ ದೇವಾನಂಪಿಯ ಅನ್ನೋ ಬಿರುದೈತಿ. ಉದಾಹರಣೆ: ಎಲ್ಲೆಲ್ಲಿ ಈ ಬಿರುದೈತೋ ಅದೆಲ್ಲಾ ಅಶೋಕಂದು, ಮಸ್ಕಿ ಶಾಸನ ಇದ್ದಂಗ. ಉಪನಯ: ಗವಿಮಠದ ಕಲ್ಲಿನ್ಯಾಗೂ ಆ ಬಿರುದೈತಿ. ನಿಗಮನ: ಅದಕ್ಕ ಇದೂ ಅಶೋಕಂದು.

ರಾಯಚೂರು ಜಿಲ್ಲೆ ಮಸ್ಕಿನೇ ಯಾಕ ಅಂದ್ರ, 1915ರಾಗ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಆ ಶಾಸನದಾಗ ಬಿರುದಿನ ಜೋಡಿ ಅಶೋಕ ಅನ್ನೋ ಹೆಸರೂ ಐತಿ. ಅಲ್ಲೀ ತನಕ ಸಿಕ್ಕ ಶಾಸನದಾಗ ಬರೇ ಬಿರುದು ಇತ್ತು, ಈ ರಾಜ ಅಶೋಕನೇ ಅಂತ ಲಂಕಾದ ಹಳೇ ಗ್ರಂಥಗಳ ಆಧಾರದ ಮ್ಯಾಲೆ ಹೇಳ್ತಿದ್ರು, ಮಸ್ಕಿ ಕಲ್ಲು ಅದನ್ನ ಗಟ್ಟಿ ಮಾಡ್ತು.

ಈಗ ಮ್ಯಾಲಿನ ಐದು ಸಾಲು ಮತ್ತೊಮ್ಮೆ ಓದ್ರಿ. ಓದಾಕ ಚಂದ ಐತಿ, ಆದ್ರ ತೂತು ಐತಿ, ತೂತು ಇರೋದು ಮೂರನೇ ಸಾಲಿನ್ಯಾಗ, "ಎಲ್ಲೆಲ್ಲಿ" ಅನ್ನೋ ಮಾತಿನ್ಯಾಗ. ಯಾವ ವಾದ ಸಿಕ್ರೂ ಮೊದ್ಲು ಕೆರೀಬೇಕಾದ ಜಾಗ ಅದೇ. ಈ ಬಿರುದು ಇಟ್ಕೊಂಡ ಬ್ಯಾರೆ ರಾಜರು ಇದ್ರೇನು? ಇದ್ರು. ಲಂಕಾದಾಗ ದೇವಾನಂಪಿಯ ತಿಸ್ಸ ಇದ್ದ, ಅಶೋಕನ ಮೊಮ್ಮಗ ದಶರಥನೂ ಬಿಹಾರದ ನಾಗಾರ್ಜುನಿ ಗುಹೆ ಶಾಸನದಾಗ ಇದೇ ಬಿರುದು ಹಾಕ್ಕೊಂಡಾನ. ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಅಂಥವನೇ ಮೊದ್ಲು, ಆಗ ಸಿಕ್ಕಿದ್ದ ಶಾಸನಗಳು ಲಂಕಾದ ರಾಜಂದು ಇರ್ಬೇಕು ಅಂದ್ಕೊಂಡಿದ್ದ, 1837ರಾಗ ಟರ್ನರ್ ಅನ್ನೋನು ಲಂಕಾದ ಗ್ರಂಥ ನೋಡಿ, ಆ ಶಾಸನಗಳಾಗ ಬರೋ ಪಿಯದಸ್ಸಿ ಅನ್ನೋ ಇನ್ನೊಂದು ಬಿರುದು ಅಶೋಕಂದೇ ಅಂತ ತೋರಿಸಿದ ಮ್ಯಾಲೆ ಸರಿ ಆತು. ಅಂದ್ರ ಬಿರುದು ಒಂದೇ ಹೇತು ಆದ್ರ ಅದು ಅಶೋಕನ ಕಡೇನೂ ಹೋಗ್ತೈತಿ, ಬ್ಯಾರೆಯವರ ಕಡೇನೂ ಹೋಗ್ತೈತಿ. ಇದಕ್ಕ ಸವ್ಯಭಿಚಾರ ಅಂತಾರ, ಐದು ಹೇತ್ವಾಭಾಸದಾಗ, ಅಂದ್ರ ಖರೇ ಕಾರಣದಂಗ ಕಾಣೋ ಪೊಳ್ಳು ಕಾರಣದಾಗ, ಮೊದ್ಲನೇದು, ದಿನಾ ನಾವು ಮಾಡೋ ತಪ್ಪಿನ್ಯಾಗ ಹೆಚ್ಚಿಂದೂ ಇದೇ ಅಂತ ನನ್ನ ಅಭಿಪ್ರಾಯ.

ಹಂಗಾದ್ರ ಗವಿಮಠದ್ದು ಅಶೋಕಂದಲ್ಲೇನು? ಅಶೋಕಂದೇ. ಹೇತು ಬದಲ್ಸಬೇಕು ಅಷ್ಟೇ: ಬರೇ ಬಿರುದು ಅಲ್ಲ, ಮಸ್ಕ್ಯಾಗ ಯಾವ ಒಕ್ಕಣಿ ಐತೋ ಅದೇ ಸಣ್ಣ ಶಾಸನದ ಒಕ್ಕಣಿ ಗವಿಮಠದಾಗೂ ಐತಿ. ಬಳ್ಳಾರಿ ಸೀಮಿ ನಿಟ್ಟೂರು, ಉಡೇಗೋಳದ ಶಾಸನಗಳೊಳಗೂ ಅಶೋಕನ ಹೆಸರು ಸಿಕ್ಕೈತಿ, ಅದರಿಂದ ಇನ್ನೂ ಗಟ್ಟಿ ಆತು. ಇಲ್ಲಿ ಒಂದು ಮಾತು ನೆನಪಿಡ್ರಿ, ವಾದದಾಗ ತೂತು ಸಿಕ್ತಂದ್ರ ಹೇಳಿದ್ದು ಸುಳ್ಳು ಅಂತ ಸಾಬೀತು ಆಗಂಗಿಲ್ಲ, ಆ ದಾರ್ಯಾಗ ಅಲ್ಲಿಗೆ ಮುಟ್ಟಾಕ ಆಗಂಗಿಲ್ಲ ಅಂತ ಅಷ್ಟೇ ಗೊತ್ತಾಗ್ತೈತಿ.

ಮುಂದಿಂದು "ಹಿಂಗಾದ್ರ ಹಂಗಾಗ್ತೈತಿ" ಅನ್ನೋ ವಾದ. ಇದು ನಮ್ಮ ರೈತರಿಗೆ ಬಾಯಿಗೇ ಬರ್ತೈತಿ: ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಬಿಟ್ರ ನಮ್ಮ ತೂಬಿಗೆ ನೀರು ಬರ್ತಾವು. ಈಗ ತೂಬಿನ್ಯಾಗ ನೀರು ಕಂಡು ಒಬ್ಬ "ನೀರು ಬಿಟ್ಟಾರ" ಅಂತಾನ. ತಪ್ಪು. ರಾತ್ರಿ ಜೋರು ಮಳಿ ಬಂದ್ರೂ ಬರ್ತಾವು, ಮ್ಯಾಲಿನ ಗದ್ದಿ ಬಸಿನೀರು ಇಳಿದ್ರೂ ಬರ್ತಾವು. ಇನ್ನೊಬ್ಬ ಒಣ ತೂಬು ನೋಡಿ "ನೀರು ಬಿಟ್ಟಿಲ್ಲ" ಅಂತಾನ. ಇದರ ಅಚ್ಚು, ಅಂದ್ರ ಮಾತು ಜೋಡಿಸಿದ ರೀತಿ, ಸರಿ ಐತಿ ನೋಡ್ರಿ, ಬಿಟ್ರ ಬರ್ತಾವು, ಬಂದಿಲ್ಲ, ಅದಕ್ಕ ಬಿಟ್ಟಿಲ್ಲ, ಇದರಾಗ ತಪ್ಪು ಹಿಡಿಯಾಕ ಬರಂಗಿಲ್ಲ. ಆದ್ರ ಮಾನ್ವಿ ಸಿರವಾರ ಕಡೆ ಕೊನೆ ಭಾಗದ ರೈತರನ್ನ ಕೇಳಿ ನೋಡ್ರಿ, ಡ್ಯಾಮಿನಿಂದ ಬಿಟ್ರೂ ಮ್ಯಾಲೆ ಎಳ್ಕೊಂಡು ಗೇಜ್ (ಕಾಲುವಿ ನೀರಿನ ಮಟ್ಟ) ಬಿದ್ದು ತಮ್ಮ ತನಕ ಬರಂಗಿಲ್ಲ ಅಂತಾರ. ಅಂದ್ರ ಅಚ್ಚು ಸರಿ ಇದ್ರೂ ಅದರಾಗ ಹಾಕಿದ ಮೊದಲ್ನೇ ಮಾತೇ ಸುಳ್ಳು. ಅದಕ್ಕ ಎರಡು ಪ್ರಶ್ನೆ ಬ್ಯಾರೆ ಬ್ಯಾರೆ ಕೇಳ್ರಿ: ಮೊದ್ಲಿನ ಮಾತು ಖರೇ ಅಂತ ಇಟ್ಕೊಂಡ್ರ ಕಡೀ ಮಾತು ಬರ್ಲೇಬೇಕೇನು, ಮತ್ತ ಆ ಮೊದ್ಲಿನ ಮಾತು ಖರೇನ? ಎರಡನ್ನ ಕಲಸಿದ್ರ ಜಗಳ ಮುಗಿಯಂಗಿಲ್ಲ, ಒಬ್ಬ ಅಚ್ಚಿನ ಬಗ್ಗೆ ಮಾತಾಡ್ತಿರ್ತಾನ ಇನ್ನೊಬ್ಬ ಮಾಲಿನ ಬಗ್ಗೆ.

ಇನ್ನ "ಆದ ಮ್ಯಾಲೆ ಆತು, ಅದಕ್ಕ ಅದರಿಂದ ಆತು" ಅನ್ನೋದು. ಕಾಗಿ ಕುಂದ್ರೋದಕ್ಕೂ ಟೊಂಗಿ ಮುರಿಯೋದಕ್ಕೂ ಅಂತ ಗಾದಿ ಎಲ್ಲರಿಗೂ ಬರ್ತೈತಿ, ಆದ್ರ ಹೊಲಕ್ಕ ಹೋದ ಮ್ಯಾಲೆ ಮರೀತೀವಿ. ಮೆಣಸಿನಕಾಯಿ ಗಿಡಕ್ಕ ಎಲಿ ಮುದುಡೋ ಮುಟುರು ರೋಗ ಬಂತು, ಗೊಬ್ಬರದಂಗಡ್ಯಾಗ ಹೊಸಾ ಎಣ್ಣಿ (ಹುಳದ ಔಷಧ) ಕೊಟ್ರು, ಹೊಡೆದ್ವಿ, ವಾರದಾಗ ಚಿಗುರು ಬಂತು, ಮುಂದಿನ ಸಲ ಊರಿಗೆ ಊರೇ ಅದನ್ನೇ ತರ್ತೈತಿ. ನಡುವ ಒಂದು ಜೋರು ಮಳಿ ಬಂದು ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ ತೊಳೆದು ಹೋಗಿರ್ಬಹುದು, ಅದಕ್ಕೂ ಮೊದ್ಲು ಹೊಡೆದ ಎಣ್ಣಿ ಕೆಲಸ ಮಾಡಿರ್ಬಹುದು, ಇಲ್ಲಾ ಹೊಸಾ ಎಣ್ಣಿನೇ ಖರೇ ಚಲೋ ಇರ್ಬಹುದು. ಕುಂತಲ್ಲೇ ವಾದ ಮಾಡಿದ್ರ ಇದು ಬಗೆಹರಿಯಂಗಿಲ್ಲ. ಹಿಂಗ ಮಾಡ್ರಿ, ಹೊಡಿಯೋವಾಗ ಹೊಲದ ನಡುವ ನಾಲ್ಕು ಸಾಲು ಬಿಡ್ರಿ, ಬದುವಿನ ಬಾಜೂಕ ಬ್ಯಾಡ ಅಲ್ಲಿ ಗಿಡ ಮೊದ್ಲೇ ಸೊರಗಿರ್ತಾವು, ಗುರುತಿಗೆ ಕಡ್ಡಿ ಹುಗೀರಿ, ಮಣ್ಣು ನೀರು ಗೊಬ್ಬರ ಎಲ್ಲಾ ಒಂದೇ ಇರ್ಲಿ, ಎಂಟು ದಿನ ಬಿಟ್ಟು ಹೋಗಿ ಎಲಿ ತಿರುವಿ ನೋಡ್ರಿ. ಬಿಟ್ಟ ಸಾಲಿನ್ಯಾಗೂ ಚಿಗುರು ಬಂದಿದ್ರ ಎಣ್ಣಿ ಪುಣ್ಯ ಅಲ್ಲ. ಬಿಟ್ಟ ಸಾಲು ಮುಟುರಾಗೇ ಉಳಿದು ಹೊಡೆದ ಸಾಲು ಚಿಗಿತಿದ್ರ ಆಗ ಎಣ್ಣಿ ಪರ ಮಾತಾಡಾಕ ಏನರ ಕೈಯಾಗ ಐತಿ. ಇದಕ್ಕಿಂತ ದೊಡ್ಡ ತರ್ಕದ ಪಾಠ ಯಾವ ಕೋಚಿಂಗ್‌ನ್ಯಾಗೂ ಇಲ್ಲ ಅಂತ ನಾನು ಮನಸಾರೆ ನಂಬೀನಿ, ಯಾಕಂದ್ರ ಅವತ್ತು ಉಳಿಯೋದು ಮಾರ್ಕ್ಸ್ ಅಲ್ಲ, ಸಾಲ ತಂದು ಹಾಕಿದ ರೊಕ್ಕ.

ಇಷ್ಟು ವರ್ಷ ಆಗಿಲ್ಲ, ಇನ್ನೇನು ಆಗ್ತೈತಿ ಅನ್ನೋ ವಾದಾನೂ ಹಿಂಗೇ ತ್ರಾಸು. ತುಂಗಭದ್ರಾ ಡ್ಯಾಮಿಗೆ 33 ಕ್ರೆಸ್ಟ್ ಗೇಟ್, 1953ರಾಗ ಕಟ್ಟಿ ಮುಗಿದ ಡ್ಯಾಮು, ವರ್ಷಾ ವರ್ಷಾ ತಡ್ಕೊಂಡು ಬಂದಿತ್ತು, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ಗೇಟ್ ಕೊಚ್ಚಿಕೊಂಡು ಹೋತು. ಹಿಂದ ನಡೆದಂಗ ಮುಂದೂ ನಡೀತೈತಿ ಅನ್ನೋದಕ್ಕ ಆಧಾರ ಏನು ಅಂತ 18ನೇ ಶತಮಾನದಾಗ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿದ ಪ್ರಶ್ನೆ ಇದೇ. ಹಂಗಂತ ಹಿಂದಿನ ಅನುಭವ ಬಿಟ್ಟು ಬದುಕಾಕ ಬರಂಗಿಲ್ಲ, ಕೇಳ್ಬೇಕಾದ್ದು ಇಷ್ಟೇ: ಇಷ್ಟು ದಿನ ನಡೀತಲ್ಲ, ಯಾವುದರಿಂದ ನಡೀತು, ಅದು ಈಗೂ ಹಂಗೇ ಐತೇನು? ಚೈನು ಪ್ರತಿ ವರ್ಷ ಹಳೇದಾಗ್ತೈತಿ, ಅದಕ್ಕ ಇಲ್ಲಿ ವರ್ಷ ಕಳೆದಂಗ ಧೈರ್ಯ ಕಮ್ಮಿ ಆಗ್ಬೇಕೇ ಹೊರತು ಹೆಚ್ಚಾಗಬಾರ್ದು.

ಮನುಷ್ಯರ ಮ್ಯಾಲೆ ಹೋಗೋ ತಪ್ಪು ಎಲ್ಲರಿಗೂ ಗೊತ್ತಿರೋವೇ, ಜಲ್ದಿ ಹೇಳಿ ಬಿಡ್ತೀನಿ. "ನೀ ಯಾವತ್ತರ ಗದ್ದ್ಯಾಗ ಕಾಲಿಟ್ಟಿಯೇನು" ಅಂತ ಬಾಯಿ ಮುಚ್ಚಿಸೋದು ಉತ್ತರ ಅಲ್ಲ. ಎಣ್ಣಿ ಮಾರೋ ಅಂಗಡಿಯವ ಎಣ್ಣಿ ಚಲೋ ಐತಿ ಅಂದ್ರ ಎರಡು ಸಲ ವಿಚಾರ ಮಾಡ್ರಿ, ಆದ್ರ ಅವಂಗ ಲಾಭ ಐತಿ ಅನ್ನೋ ಒಂದೇ ಕಾರಣಕ್ಕ ಅವ ಸುಳ್ಳು ಹೇಳ್ತಾನ ಅಂತ ತೀರ್ಮಾನ ಮಾಡಬ್ಯಾಡ್ರಿ. ಮಾತು ಹಿಗ್ಗಿಸೋದು ಇನ್ನೊಂದು: ಒಬ್ಬ "ಬ್ಯಾಸಗಿ ಬೆಳಿಗೆ ಭತ್ತ ಬಿಟ್ಟು ಕಡಿಮಿ ನೀರಿನ ಬೆಳಿ ನೋಡೋಣಪ್ಪ" ಅಂದ್ರ, "ಅಂದ್ರ ಗಂಗಾವತ್ಯಾಗ ಭತ್ತಾನೇ ಬೆಳೀಬ್ಯಾಡ್ರಿ ಅಂತೀಯಾ?" ಅಂತ ಏರಿ ಹೋಗೋದು. ನ್ಯಾಯಸೂತ್ರ ಇಂಥದ್ದಕ್ಕ ಸಾಮಾನ್ಯ ಛಲ ಅಂತೈತಿ. ಇದಕ್ಕ ಮದ್ದು ಒಂದೇ, ಉತ್ತರ ಕೊಡೋ ಮೊದ್ಲು "ಅಣ್ಣಾ ನೀ ಹೇಳಿದ್ದು ಹಿಂಗಲ್ಲ?" ಅಂತ ಅವನ ಮಾತನ್ನ ಅವಂಗೇ ತಿರುಗಿ ಹೇಳಿ, ಹೌದು ಅನ್ನಿಸ್ಕೊಳ್ರಿ. "ಕಾರ್ಖಾನಿ ಬೇಕೋ, ಇಲ್ಲಾ ಉಪವಾಸ ಬೀಳ್ತೀಯೋ" ಅಂತ ಎರಡೇ ಬಾಗಿಲು ತೋರಿಸಿದ್ರ ಮೂರನೇದು ಹುಡುಕ್ರಿ, ಧೂಳು ಹಿಡಿಯೋ ಮಷಿನ್ ಹಾಕಿ ನಡಸ್ಬಹುದು, ಊರಿಂದ ದೂರ ಇಡ್ಬಹುದು. ಮತ್ತ ಎದುರಿನವ ಖರೇ ತಿಳ್ಕೊಳ್ಳಾಕ ಬಂದಿದ್ರ ಅದು ವಾದ, ಗೆಲ್ಲಾಕ ಬಂದಿದ್ರ ಜಲ್ಪ, ತಂದೇನೂ ಹೇಳ್ದ ಬರೇ ನಿಮ್ದು ಕೆಡವಾಕ ಬಂದಿದ್ರ ವಿತಂಡ. "ಏನು ತೋರಿಸಿದ್ರ ನೀ ಒಪ್ಪಿಕೊಳ್ತಿ?" ಅಂತ ಕೇಳ್ರಿ, ಏನು ತೋರಿಸಿದ್ರೂ ಇಲ್ಲ ಅಂದ್ರ ಚಾ ಕುಡ್ದು ಎದ್ದು ಬರ್ರಿ.

ಪರೀಕ್ಷೆ ಹುಡುಗ್ರಿಗೆ ಒಂದು ಪ್ರಶ್ನೆ ಇಟ್ಟು ಮುಗಸ್ತೀನಿ. ಹೇಳಿಕೆ: ಎಲ್ಲಾ ಸೋನಾ ಮಸೂರಿ ಅಕ್ಕಿನೇ. ಕೆಲವು ಅಕ್ಕಿ ಗಂಗಾವತಿ ಮಿಲ್ಲಿನ ಮಾಲು. ತೀರ್ಮಾನ ಒಂದು: ಕೆಲವು ಸೋನಾ ಮಸೂರಿ ಗಂಗಾವತಿ ಮಿಲ್ಲಿನ ಮಾಲು. ತೀರ್ಮಾನ ಎರಡು: ಗಂಗಾವತಿ ಮಿಲ್ಲಿನ ಮಾಲಿನ್ಯಾಗ ಕೆಲವು ಅಕ್ಕಿ. ನಮ್ಮ ಕಡೆ ಹುಡುಗ್ರು ಒಂದನೇದಕ್ಕ ಟಿಕ್ ಹಾಕೇಬಿಡ್ತಾರ, ಯಾಕಂದ್ರ ಗಂಗಾವತಿ ಸೋನಾ ಮಸೂರಿ ಮನ್ಯಾಗ ದಿನಾ ಉಂಡಿರ್ತಾರ, ಖರೇನೂ ಐತಿ. ಆದ್ರ ಹೇಳಿಕೆಯಿಂದ ಅದು ಬರಂಗಿಲ್ಲ. ಅಕ್ಕಿ ಅಂತ ದೊಡ್ಡ ಚಕ್ರ ಹಾಕ್ರಿ, ಅದರೊಳಗ ಒಂದು ಬಾಜೂಕ ಸೋನಾ ಮಸೂರಿ ಅಂತ ಸಣ್ಣ ಚಕ್ರ, ಈಗ ಗಂಗಾವತಿ ಮಿಲ್ಲಿನ ಚಕ್ರಾನ ದೊಡ್ಡ ಚಕ್ರದ ಇನ್ನೊಂದು ಬಾಜೂ ಕೊಯ್ಯೋ ಹಂಗ ಹಾಕ್ರಿ, ಸಣ್ಣ ಚಕ್ರಕ್ಕ ತಾಗದಂಗ. ಎರಡೂ ಹೇಳಿಕೆ ಖರೇ ಉಳಿದಾವು, ಒಂದನೇ ತೀರ್ಮಾನ ಬಿದ್ದೋತು. ಎರಡನೇದನ್ನ ಬೀಳಿಸಾಕ ಹ್ಯಾಂಗ ತಿರುಗಿಸಿ ಹಾಕಿದ್ರೂ ಆಗಂಗಿಲ್ಲ, ಉತ್ತರ ಎರಡು ಮಾತ್ರ.