ಕೌನ್ಸಿಲ್ ಮನೆ ಸಿಗುವಂತಿದೆಯೇ? ನೋಟಿಸ್ ಕೊಡಲು ಅವಸರ ಬೇಡ

‘ನೀವು ಬಿಡ್ ಮಾಡಿದ (ಬೇಕೆಂದು ಕೋರಿದ) ಮನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲಿದೆ’ ಎಂದು ಕೌನ್ಸಿಲ್‌ನಿಂದ (ಕಡಿಮೆ ಬಾಡಿಗೆಯ ಮನೆ ಹಂಚುವ ಸ್ಥಳೀಯ ಆಡಳಿತದಿಂದ) ಇಮೇಲ್ ಬಂದ ದಿನವೇ ಹಾಲಿ ಮನೆಯ ಮಾಲೀಕರಿಗೆ ಮನೆ ಬಿಡುವ ನೋಟಿಸ್ ಕೊಟ್ಟು, ಸೋಫಾ ಮಾರಿ, ಊರಿಗೆ ಫೋನ್ ಮಾಡಿ ಗೃಹಪ್ರವೇಶಕ್ಕೆ ದಿನ ಕೇಳಿದವರನ್ನು ನಾನು ನೋಡಿದ್ದೇನೆ. ಆಮೇಲೆ ದಾಖಲೆ ಪರಿಶೀಲನೆಯಲ್ಲಿ ಯಾವುದೋ ಒಂದು ಬ್ಯಾಂಕ್ ಸ್ಟೇಟ್‌ಮೆಂಟ್ ಇರುವುದಿಲ್ಲ. ಮನೆ ಎರಡನೇ ಹೆಸರಿನವರ ಪಾಲಾಗುತ್ತದೆ, ಕೊಟ್ಟ ನೋಟಿಸ್ ಮಾತ್ರ ಕೊಟ್ಟಂತೆಯೇ ಉಳಿಯುತ್ತದೆ. ವರ್ಷಗಟ್ಟಲೆ ತಾಳ್ಮೆಯಿಂದ ಕಾದವರು ಕೊನೆಯ ಕೆಲವೇ ವಾರಗಳಲ್ಲಿ ಎಡವುತ್ತಾರೆ. ಹಾಗಾಗಿ ಅರ್ಜಿ ಹಾಕುವ ಭಾಗವನ್ನು ಬೇಗ ಮುಗಿಸಿ, ಆ ಕೊನೆಯ ವಾರಗಳನ್ನೇ ಬಿಡಿಸಿ ಬರೆಯುತ್ತೇನೆ. ಇದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ನಿಯಮಗಳು ಬೇರೆ.

ಮೊದಲು ಅರ್ಹತೆ

ವರ್ಕ್ ವೀಸಾ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಕೌನ್ಸಿಲ್ ಹಂಚುವ ಮನೆ ಸರ್ಕಾರಿ ನೆರವಿನ ಲೆಕ್ಕಕ್ಕೆ ಬರುತ್ತದೆ, ನಿಮ್ಮ ವೀಸಾ ಅದನ್ನು ನಿಷೇಧಿಸುತ್ತದೆ. ಬ್ರಿಟಿಷ್ ಪೌರತ್ವ ಅಥವಾ ಐಎಲ್‌ಆರ್ ಎಂಬ ಕಾಯಂ ವಾಸದ ಅನುಮತಿ ಇದ್ದು, ಇಲ್ಲಿಯೇ ನೆಲೆಸಿರುವವರು ಅರ್ಜಿ ಹಾಕಬಹುದು. ಊರಿನಿಂದ ಕರೆಸಿಕೊಂಡ ತಂದೆ–ತಾಯಿಯ ಖರ್ಚು ನಮ್ಮದು ಎಂದು ಮಕ್ಕಳು ಮುಚ್ಚಳಿಕೆ ಬರೆದುಕೊಟ್ಟಿದ್ದರೆ, ಹಿರಿಯರಿಗೆ ಐಎಲ್‌ಆರ್ ಇದ್ದರೂ ಸಾಮಾನ್ಯವಾಗಿ ಮೊದಲ ಐದು ವರ್ಷ ಕೌನ್ಸಿಲ್ ಮನೆಗೆ ಕಾಯುವವರ ಪಟ್ಟಿಯಲ್ಲಿ ಜಾಗವಿಲ್ಲ.

2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ ಯಾರನ್ನು ಪಟ್ಟಿಗೆ ಸೇರಿಸಬೇಕು ಎಂಬುದನ್ನು ಬಹುಮಟ್ಟಿಗೆ ಆಯಾ ಕೌನ್ಸಿಲ್‌ಗಳೇ ನಿರ್ಧರಿಸುತ್ತವೆ. ಒಂದು ಕೌನ್ಸಿಲ್ ಎರಡು ವರ್ಷದ ಸ್ಥಳೀಯ ವಾಸ ಕೇಳಿದರೆ ಪಕ್ಕದ್ದು ಐದು ವರ್ಷ ಕೇಳಬಹುದು. ಆದ್ದರಿಂದ ಸ್ನೇಹಿತರ ಅನುಭವವನ್ನು ನಂಬದೆ ನಿಮ್ಮ ಕೌನ್ಸಿಲ್‌ನ ಹಂಚಿಕೆ ನೀತಿಯನ್ನೇ ತೆರೆದು ಓದಿ. ಉದ್ದವಿರುತ್ತದೆ, ಬೇಸರವಾಗುತ್ತದೆ, ಆದರೂ ಓದಿ.

ನಮ್ಮವರು ಜಾರುವ ಒಂದು ಜಾಗವಿದೆ. ‘ಬೇರೆಲ್ಲಾದರೂ ಆಸ್ತಿ ಇದೆಯೇ’ ಎಂಬ ಪ್ರಶ್ನೆಗೆ ಹೆಚ್ಚಿನವರು ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಮೈಸೂರಿನ ಸೈಟು, ಅಪ್ಪನ ಕಾಲದ ಮನೆಯಲ್ಲಿ ಅಣ್ಣತಮ್ಮಂದಿರ ಜೊತೆಗಿನ ಪಾಲು, ಪಹಣಿಯಲ್ಲಿ ನಿಮ್ಮ ಹೆಸರಿರುವ ಎರಡು ಎಕರೆ ಇವೆಲ್ಲವೂ ‘ಬೇರೆಲ್ಲಾದರೂ’ ಎಂಬುದರೊಳಗೆ ಬರುತ್ತವೆ. ಹೇಳಿದರೆ ಅರ್ಜಿ ಬಿದ್ದುಹೋಗಲೇಬೇಕೆಂದಿಲ್ಲ. ಮಾರಲಾಗದ ಪಾಲು ಎಂದು ವಿವರಿಸಲು ಅವಕಾಶವಿದೆ. ಗೊತ್ತಿದ್ದೂ ಮುಚ್ಚಿಟ್ಟರೆ 1996ರ ಹೌಸಿಂಗ್ ಕಾಯ್ದೆಯ ಪ್ರಕಾರ ಅದು ಅಪರಾಧ, ಸಿಕ್ಕ ಮನೆಯೂ ಕೈಬಿಡಬಹುದು.

ಪಟ್ಟಿಯಲ್ಲಿ ಕಾಯುವಾಗ

2024ರ ಮಾರ್ಚ್ ಕೊನೆಗೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಕಾಯುವ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿದ್ದವು. ನಿಮ್ಮ ಅಗತ್ಯವನ್ನು ನೋಡಿ ಎ, ಬಿ, ಸಿ ಎಂಬಂತೆ ಬ್ಯಾಂಡ್ ಅಥವಾ ಅಂಕ ಕೊಡುತ್ತಾರೆ. ವಾರವಾರ ಬರುವ ಮನೆಗಳ ಪಟ್ಟಿಯಲ್ಲಿ ಬೇಕಾದುದಕ್ಕೆ ಬಿಡ್ ಒತ್ತಬೇಕು. ಅದಕ್ಕೆ ಹಣ ಕಟ್ಟುವಂತಿಲ್ಲ, ಮೊದಲು ಒತ್ತಿದವರಿಗೆ ಮೊದಲು ಎಂಬುದೂ ಇಲ್ಲ. ಮಧ್ಯರಾತ್ರಿ ಎದ್ದು ಕುಳಿತುಕೊಳ್ಳುವುದು ವ್ಯರ್ಥ.

ಈ ಹಂತದಲ್ಲಿ ಮಾಡಬೇಕಾದ ಮೂರು ಕೆಲಸ: ಮಗು ಹುಟ್ಟಿದರೆ, ಕಾಯಿಲೆ ಬಂದರೆ, ವಿಳಾಸ ಬದಲಾದರೆ ತಿಳಿಸುವುದು, ವರ್ಷಕ್ಕೊಮ್ಮೆ ಬರುವ ನವೀಕರಣದ ಪತ್ರಕ್ಕೆ ಉತ್ತರಿಸುವುದು, ಇಮೇಲ್‌ನ ಸ್ಪ್ಯಾಮ್ ಪೆಟ್ಟಿಗೆ ನೋಡುವುದು. ನವೀಕರಣ ಮರೆತು ಪಟ್ಟಿಯಿಂದಲೇ ಹೆಸರು ಹೋದವರಿದ್ದಾರೆ.

ಬ್ಯಾಂಡ್ ಮೇಲೇರಲಿ ಎಂದು ಬೇಕೆಂದೇ ಚಿಕ್ಕ ಮನೆಗೆ ಹೋಗಿ ಇಕ್ಕಟ್ಟು ಮಾಡಿಕೊಳ್ಳುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದನ್ನು ಪತ್ತೆಹಚ್ಚಿ ಕೆಳಗಿಳಿಸುವ ನಿಯಮ ಬಹುತೇಕ ಕೌನ್ಸಿಲ್‌ಗಳಲ್ಲಿ ಇದೆ. ‘ಇಷ್ಟು ಕೊಡಿ, ಕೀಲಿ ಕೊಡಿಸುತ್ತೇನೆ’ ಎನ್ನುವವರು ಶುದ್ಧ ಮೋಸಗಾರರು. ಕೌನ್ಸಿಲ್ ಮನೆಯನ್ನು ಗುಟ್ಟಾಗಿ ಒಳಬಾಡಿಗೆಗೆ ಕೊಡುವುದು 2013ರಿಂದ ಕ್ರಿಮಿನಲ್ ಅಪರಾಧ. ಹಾಗೆ ಒಳಸೇರಿದವರನ್ನು ಯಾವ ಹೊತ್ತಿಗಾದರೂ ಹೊರಹಾಕಬಹುದು.

ದಾಖಲೆಯ ಕಡತವನ್ನು ಕಾಯುವಾಗಲೇ ಕಟ್ಟಿಡಿ: ಎಲ್ಲರ ಪಾಸ್‌ಪೋರ್ಟ್, ಮಕ್ಕಳ ಜನನ ಪ್ರಮಾಣಪತ್ರ, ಇತ್ತೀಚಿನ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಈಗಿನ ಬಾಡಿಗೆ ಕರಾರು. ಹಳೆಯ ಬಯೊಮೆಟ್ರಿಕ್ ಕಾರ್ಡ್‌ಗಳ ಕಾಲ ಮುಗಿದಿದೆ. ಈಗ ಇ–ವೀಸಾ ಖಾತೆಯಿಂದ ಶೇರ್ ಕೋಡ್ (ನಿಮ್ಮ ವಾಸದ ಅನುಮತಿಯನ್ನು ಕೌನ್ಸಿಲ್ ಆನ್‌ಲೈನ್‌ನಲ್ಲಿ ನೋಡಲು ಬೇಕಾದ ಸಂಕೇತ) ತೆಗೆದು ಕೊಡಬೇಕು. ಆ ಖಾತೆಗೆ ಲಾಗಿನ್ ಆಗುತ್ತದೆಯೇ ಎಂದು ಇಂದೇ ನೋಡಿ. ಕರೆ ಬಂದ ಮೇಲೆ ಕಡತ ಒಪ್ಪಿಸಲು ಎರಡು–ಮೂರು ದಿನ ಸಿಕ್ಕರೆ ಹೆಚ್ಚು.

ಮನೆ ನೋಡುವ ಹದಿನೈದು ನಿಮಿಷ

ಮನೆ ನೋಡಲು ಕರೆದಾಗ ಅಧಿಕಾರಿ ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ನಿಮ್ಮ ಹಿಂದೆ ಪಟ್ಟಿಯಲ್ಲಿರುವ ಮತ್ತಿಬ್ಬರನ್ನೂ ಕರೆದಿರಬಹುದು. ಹೌದೋ ಅಲ್ಲವೋ ಎಂದು ಬಹುಶಃ ಮರುದಿನವೇ ಹೇಳಬೇಕು. ಹೆಚ್ಚಿನವರು ಕಿಟಕಿಯಿಂದ ಕಾಣುವ ನೋಟ ನೋಡಿ, ದೇವರ ಮೂಲೆ ಎಲ್ಲಿ ಎಂದು ಚರ್ಚಿಸಿ ಹೊರಬರುತ್ತಾರೆ. ನೀವು ಅಳತೆಯ ಟೇಪು, ಟಾರ್ಚು, ಒಂದು ಟಿಶ್ಯೂ ಕಾಗದ ಹಿಡಿದು ಹೋಗಿ. ಒಬ್ಬರು ಅಳೆಯಲಿ, ಇನ್ನೊಬ್ಬರು ಬರೆದುಕೊಳ್ಳಲಿ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಕೆಲಸ ಕೊಡಿ. ಹೊಸ ಬಣ್ಣದ ವಾಸನೆಯ ಕೆಳಗೆ ಹಸಿ ಮಣ್ಣಿನಂಥ ವಾಸನೆ ಇದ್ದರೆ ಬೂಷ್ಟು ಇದೆ ಎಂದೇ ತಿಳಿಯಿರಿ. ಹೊರಗೋಡೆಗೆ ಒರಗಿರುವ ಕಪಾಟಿನ ಒಳಮೂಲೆ, ಕಿಟಕಿಯ ಕೆಳಗಿನ ಅಂಚು, ಸ್ನಾನದ ಮನೆಯ ಚಾವಣಿ ಇವುಗಳ ಮೇಲೆ ಟಾರ್ಚು ಬಿಡಿ. ಗಾಳಿ ಹೊರಹಾಕುವ ಫ್ಯಾನ್‌ಗೆ ಟಿಶ್ಯೂ ಹಿಡಿಯಿರಿ. ಅಂಟಿಕೊಂಡು ನಿಂತರೆ ಸರಿ, ಕೆಳಗೆ ಬಿದ್ದರೆ ಆ ಫ್ಯಾನ್ ಸದ್ದಿಗೆ ಮಾತ್ರ ಇದೆ. ಅಂಗಡಿಯಲ್ಲಿ ‘ಬೂಷ್ಟು ನಿರೋಧಕ’ ಎಂದು ದುಬಾರಿ ಬಣ್ಣದ ಡಬ್ಬಿ ಮಾರುತ್ತಾರೆ. ಗೋಡೆ ತೇವವಾಗಲು ಕಾರಣವೇನೆಂದು ಕಂಡುಹಿಡಿಯದೆ ಅದನ್ನು ಬಳಿದರೆ ಮುಂದಿನ ಚಳಿಗಾಲಕ್ಕೆ ಬಣ್ಣದ ಸಮೇತ ಬೂಷ್ಟು ಹೊರಬರುತ್ತದೆ. ಹಣ ಉಳಿಸಿಕೊಂಡು ಕೌನ್ಸಿಲ್‌ಗೆ ಬರೆಯಿರಿ. ರಾಚ್‌ಡೇಲ್‌ನಲ್ಲಿ 2020ರಲ್ಲಿ ಬೂಷ್ಟು ಹಿಡಿದ ಮನೆಯಲ್ಲಿ ಉಸಿರಾಟದ ತೊಂದರೆಯಿಂದ ತೀರಿಕೊಂಡ ಎರಡು ವರ್ಷದ ಕಂದ ಅವಾಬ್ ಇಶಾಕ್‌ನ ಹೆಸರಿನಲ್ಲಿ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ತುರ್ತು ಅಪಾಯವಾದರೆ 24 ಗಂಟೆಯೊಳಗೆ ಕ್ರಮ, ಗಂಭೀರ ತೇವ ಮತ್ತು ಬೂಷ್ಟಾದರೆ 10 ಕೆಲಸದ ದಿನಗಳಲ್ಲಿ ತನಿಖೆ ನಡೆಯಬೇಕು.

ಇನ್ನು ಅಳತೆ. ಪ್ರತಿ ಕೋಣೆಯ ಉದ್ದಗಲ, ಕಿಟಕಿಗಳ ಅಗಲ, ಮೆಟ್ಟಿಲಿನ ತಿರುವು, ಒಲೆ ಇಡುವ ಜಾಗ. ಒಲೆಯ ಜಾಗ 50 ಸೆಂಟಿಮೀಟರೋ 60 ಸೆಂಟಿಮೀಟರೋ ಎಂದು ಅಳೆಯದೆ ಒಲೆ ಕೊಳ್ಳಬೇಡಿ. ಗೋಡೆಯಲ್ಲಿರುವುದು ಗ್ಯಾಸ್ ಕೊಳವೆಯೋ ವಿದ್ಯುತ್ ಒಲೆಯ ಸಂಪರ್ಕವೋ ನೋಡಿ. ಜೋಳದ ರೊಟ್ಟಿಯನ್ನು ಉರಿಯ ಮೇಲೆ ಸುಡದೆ ಸಮಾಧಾನವಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ. ಈಚಿನ ಅನೇಕ ಫ್ಲ್ಯಾಟ್‌ಗಳಿಗೆ ಗ್ಯಾಸ್ ಇಲ್ಲವೇ ಇಲ್ಲ.

ನೆಲ ನೋಡಿ. ಕೌನ್ಸಿಲ್ ಮನೆಗಳನ್ನು ಸಾಮಾನ್ಯವಾಗಿ ಬರಿ ನೆಲದಲ್ಲೇ ಕೊಡುತ್ತಾರೆ: ಕಾರ್ಪೆಟ್ ಇಲ್ಲ, ಪರದೆ ಇಲ್ಲ, ಒಲೆ ಇಲ್ಲ, ಫ್ರಿಜ್ ಇಲ್ಲ. ಹಿಂದಿನವರ ಕಾರ್ಪೆಟ್ ಚೆನ್ನಾಗಿದ್ದರೆ ‘ಇದನ್ನು ಕಿತ್ತುಹಾಕಬೇಡಿ, ಜವಾಬ್ದಾರಿ ನಾನು ವಹಿಸಿಕೊಳ್ಳುತ್ತೇನೆ’ ಎಂದು ಅಲ್ಲಿಯೇ ಕೇಳಿ. ಕೆಲವು ಕಡೆ ಒಂದು ಸಹಿ ಹಾಕಿಸಿಕೊಂಡು ಬಿಟ್ಟುಕೊಡುತ್ತಾರೆ. ಹಳೆಯ ಕಟ್ಟಡದಲ್ಲಿ ಗಟ್ಟಿಯಾದ ಕಪ್ಪು ಅಥವಾ ಕಂದು ಹೆಂಚಿನ ನೆಲವಿದ್ದರೆ ಉಳಿ ಹಿಡಿದು ಕೆರೆಯಲು ಹೋಗಬೇಡಿ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಚಾವಣಿಯ ಉಬ್ಬು ವಿನ್ಯಾಸದ ಲೇಪವೂ ಹಾಗೆಯೇ. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಅದಕ್ಕೂ ಮುಂಚಿನ ಕಟ್ಟಡವಾದರೆ ಕಲ್ನಾರಿನ ವರದಿ ಕೇಳಿ ಪಡೆಯಿರಿ.

ಹೊರಡುವ ಮುನ್ನ ಒಂದು ಪ್ರಶ್ನೆ ಬಾಕಿ ಇದೆ: ‘ಕೀಲಿ ಕೊಟ್ಟ ಮೇಲೆ ಮಾಡುವ ರಿಪೇರಿಗಳು ಯಾವುವು?’ ಉತ್ತರವನ್ನು ಆ ಸಂಜೆಯೇ ಇಮೇಲ್‌ನಲ್ಲಿ ಬರೆದು ಅವರಿಗೇ ಕಳುಹಿಸಿ.

ಮನೆ ಹಿಡಿಸದಿದ್ದರೆ ಬೇಡ ಎನ್ನಬಹುದೇ? ಸಾಮಾನ್ಯ ಪಟ್ಟಿಯವರು ತಮ್ಮ ಕೌನ್ಸಿಲ್‌ನ ನೀತಿಯಲ್ಲಿ ಬೇಡ ಎಂದವರ ಮೇಲೆ ಏನು ಕ್ರಮವಿದೆ ಎಂದು ನೋಡಿಕೊಂಡು ನಿರ್ಧರಿಸಲಿ. ಮನೆ ಕಳೆದುಕೊಂಡು ಕೌನ್ಸಿಲ್‌ನ ತಾತ್ಕಾಲಿಕ ವಸತಿಯಲ್ಲಿ ಇರುವವರು ಮಾತ್ರ ಬಾಯಿಗೆ ಬಂದಂತೆ ಬೇಡ ಎನ್ನಬಾರದು, ಕೌನ್ಸಿಲ್‌ನ ಹೊಣೆ ಅಲ್ಲಿಗೇ ಮುಗಿದುಹೋಗಬಹುದು. ಒಪ್ಪಿಕೊಂಡು ಒಳಸೇರಿ, 21 ದಿನದೊಳಗೆ ಮರುಪರಿಶೀಲನೆ ಕೇಳುವುದು ಸರಿಯಾದ ದಾರಿ. ಸಲಹೆ ನೀಡುವ ಸಂಸ್ಥೆಗಳಾದ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್‌ನವರಿಗೆ ಫೋನ್ ಮಾಡಿದರೆ ಉಚಿತವಾಗಿ ತಿಳಿಸಿಕೊಡುತ್ತಾರೆ.

ಸಹಿ, ಆಮೇಲೆ ನೋಟಿಸ್

ಕೌನ್ಸಿಲ್ ಮನೆಯ ಬಾಡಿಗೆ ಸಾಮಾನ್ಯವಾಗಿ ಸೋಮವಾರದಿಂದ ಶುರು, ವಾರದ ಲೆಕ್ಕ. ಮೊದಲ ವಾರದ್ದನ್ನು ಕರಾರಿಗೆ ಸಹಿ ಹಾಕುವಾಗಲೇ ಕೇಳುವುದುಂಟು. ಇತ್ತ ಖಾಸಗಿ ಬಾಡಿಗೆದಾರರು ಮನೆ ಬಿಡಲು ಎರಡು ತಿಂಗಳ ನೋಟಿಸ್ ಕೊಡಬೇಕೆಂಬ ನಿಯಮ 2026ರ ಮೇ 1ರಿಂದ ಬಂದಿದೆ. ಅಂದರೆ ಎರಡೂ ಮನೆಗೆ ಬಾಡಿಗೆ ಕಟ್ಟುವ ಕಾಲ ಬಂದೇ ಬರುತ್ತದೆ. ಯುನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವವರಿಗೆ ಸಾಮಾನ್ಯವಾಗಿ ಒಂದು ಮನೆಯ ಬಾಡಿಗೆಯಷ್ಟೇ ಸಿಗುತ್ತದೆ. ಹಾಗೆಂದು ಸಹಿಗೆ ಮುಂಚೆ ನೋಟಿಸ್ ಕೊಡಬೇಡಿ. ಮಾಲೀಕರನ್ನು ಕಂಡು, ಹೊಸ ಬಾಡಿಗೆದಾರರು ಸಿಕ್ಕರೆ ಬೇಗ ಬಿಡುತ್ತೇವೆ ಎಂದು ಮಾತಾಡಿಟ್ಟುಕೊಳ್ಳಿ. ಬಾಡಿಗೆಗೆ ಜನ ಸಾಲುಗಟ್ಟಿರುವ ಊರುಗಳಲ್ಲಿ ಅವರು ಒಪ್ಪುವುದೇ ಹೆಚ್ಚು. ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ. ಹೊಸ ಮನೆಯಲ್ಲಿ ದೊಡ್ಡ ರಿಪೇರಿ ಬಾಕಿ ಇದ್ದರೆ, ಕರಾರನ್ನು ಒಂದು ವಾರ ಮುಂದೂಡಲು ಕೌನ್ಸಿಲ್ ಅನ್ನೂ ಕೇಳಿ ನೋಡಿ.

ಕೀಲಿ ಬಂತು, ಗ್ಯಾಸ್ ಇಲ್ಲ

ಖಾಲಿ ಮನೆಗಳ ಗ್ಯಾಸ್ ಕೊಳವೆಗೆ ಮುಚ್ಚಳ ಹಾಕಿ ಬಿಟ್ಟಿರುತ್ತಾರೆ. ಕೌನ್ಸಿಲ್‌ನ ಎಂಜಿನಿಯರ್ ಬಂದು ಅದನ್ನು ತೆಗೆದು, ಸೋರಿಕೆ ಪರೀಕ್ಷಿಸಿ, ಬಾಯ್ಲರ್ ಹಚ್ಚಿ ಪ್ರಮಾಣಪತ್ರ ಕೊಡಬೇಕು. ಮೀಟರ್‌ನಲ್ಲಿ (ಮುಂಗಡ ಹಣ ತುಂಬುವಂಥದ್ದಾದರೆ) ಹಣವಿಲ್ಲದಿದ್ದರೆ ಅವರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗುತ್ತಾರೆ. ಮುಂದಿನ ದಿನಾಂಕ ಎಷ್ಟೋ ದಿನದ ಆಚೆಗೆ ಬೀಳುತ್ತದೆ, ನಡು ಜನವರಿಯಲ್ಲಿ ಬಿಸಿನೀರೂ ಇಲ್ಲದೆ ಕೂರಬೇಕಾಗುತ್ತದೆ.

ಆದ್ದರಿಂದ ಕೀಲಿ ಸಿಕ್ಕ ದಿನ ಸಾಮಾನು ಹೊರುವ ಮೊದಲು ಎರಡೂ ಮೀಟರ್‌ಗಳ ಮುಂದೆ ನಿಂತು ಅಂಕಿ ಮತ್ತು ಕ್ರಮಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಮನೆಗೆ ವಿದ್ಯುತ್ ಮತ್ತು ಗ್ಯಾಸ್ ಕೊಡುತ್ತಿರುವ ಕಂಪನಿ ಯಾವುದೆಂದು ತಿಳಿದು, ಇಂದಿನಿಂದ ನಾವು ಹೊಸ ಬಾಡಿಗೆದಾರರು ಎಂದು ಹೇಳಿ. ಮುಂಗಡ ಹಣ ತುಂಬುವ ಮೀಟರ್ ಇದ್ದರೆ ಡ್ರಾಯರ್‌ನಲ್ಲಿ ಹಿಂದಿನವರು ಅದಕ್ಕೆ ಹಣ ತುಂಬಲು ಬಳಸಿದ ಮೀಟರ್ ಕೀಲಿ ಅಥವಾ ಕಾರ್ಡ್ ಬಿದ್ದಿರುತ್ತದೆ. ಅದಕ್ಕೆ ಹಣ ತುಂಬಿದರೆ ಅವರು ಉಳಿಸಿಹೋದ ಸಾಲಕ್ಕೆ ಅದು ಜಮೆಯಾಗುತ್ತಾ ಹೋಗಬಹುದು. ಹೊಸದನ್ನು ಕೇಳಿ, ಮೀಟರ್‌ನಲ್ಲಿರುವ ಹಳೆಯ ಬಾಕಿಯನ್ನು ಅಳಿಸಲು ಹೇಳಿ. ಕರಾರಿನ ಮೊದಲ ಪುಟದ ಫೋಟೊ ಕಳುಹಿಸಿದರೆ ಮಾಡಿಕೊಡುತ್ತಾರೆ. ವಿದ್ಯುತ್ ಮೀಟರ್‌ನಲ್ಲೂ ಹಣವಿರಲಿ, ವಿದ್ಯುತ್ ಇಲ್ಲದೆ ಬಾಯ್ಲರ್ ಹೊತ್ತಿಕೊಳ್ಳುವುದಿಲ್ಲ. ಇಷ್ಟಾದ ಮೇಲೆ ಎಂಜಿನಿಯರ್‌ಗೆ ದಿನ ಗೊತ್ತುಮಾಡಿ. ಗ್ಯಾಸ್ ಒಲೆ ಜೋಡಿಸಲು ಗ್ಯಾಸ್ ಸೇಫ್ ಎಂಬ ಅಧಿಕೃತ ಎಂಜಿನಿಯರ್‌ಗಳ ಪಟ್ಟಿಯಲ್ಲಿ ನೋಂದಣಿ ಇರುವವರೇ ಬೇಕು. ‘ನಾನೇ ಹಾಕಿಬಿಡುತ್ತೇನೆ’ ಎನ್ನುವ ಭಾವಮೈದುನನಿಗೆ ಕಾಫಿ ಕೊಟ್ಟು ಕಳುಹಿಸಿ.

ನೆಲಕ್ಕೆ ಹಾಸು

ಮೇಲಿನ ಮಹಡಿಯ ಫ್ಲ್ಯಾಟ್‌ನಲ್ಲಿ ಲ್ಯಾಮಿನೇಟ್ ಬೇಡ. ಅನೇಕ ಕರಾರುಗಳು ಸದ್ದಿನ ಕಾರಣಕ್ಕೆ ಅದನ್ನು ನಿಷೇಧಿಸುತ್ತವೆ, ನಿಷೇಧಿಸದಿದ್ದರೂ ದೋಸೆ ಹಿಟ್ಟಿನ ಗ್ರೈಂಡರ್ ತಿರುಗಿದಾಗ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಕೋಣೆಗಳಿಗೆ ಕಾರ್ಪೆಟ್, ಅಡುಗೆಮನೆಗೆ ವಿನೈಲ್ ಹಾಕಿ. ಕಾರ್ಪೆಟ್ ಸುರುಳಿಗಳು ಹೆಚ್ಚಾಗಿ 4 ಅಥವಾ 5 ಮೀಟರ್ ಅಗಲಕ್ಕೆ ಬರುತ್ತವೆ. ನಿಮ್ಮ ಕೋಣೆಯ ಅಳತೆ ಹಿಡಿದು ಹೋಗಿ ಸುರುಳಿಯ ಕೊನೆಯ ತುಂಡುಗಳನ್ನು ಕೇಳಿದರೆ ಅರ್ಧ ಬೆಲೆಗೂ ಸಿಗುವುದುಂಟು. ‘ಹಾಸುವುದು ಉಚಿತ’ ಎಂಬ ಫಲಕ ಕಂಡರೆ ಅಡಿಹಾಸು ಮತ್ತು ಅಂಚಿನ ಪಟ್ಟಿಯ ಬೆಲೆ ಕೇಳಿ, ಉಚಿತದ ಹಣ ಅಲ್ಲಿರುತ್ತದೆ. ಹಿಂಬದಿಗೆ ಸ್ಪಂಜು ಅಂಟಿಸಿದ ಅಗ್ಗದ ಮಾಲು ಕೊಳ್ಳಲೇಬೇಡಿ, ಬೇಗ ಪುಡಿಯಾಗುತ್ತದೆ. ಹಣ ಸಾಲದಿದ್ದರೆ ಮಕ್ಕಳ ಕೋಣೆಗೆ ಮೊದಲು ಹಾಕಿಸಿ, ಹಜಾರ ಕಾಯಲಿ. ವಾರದ ಕಂತಿನಲ್ಲಿ ಫ್ರಿಜ್ ಕೊಡುವ ಅಂಗಡಿಗೆ ಹೋಗುವ ಬದಲು ದತ್ತಿ ಸಂಸ್ಥೆಯಾದ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನ ಪೀಠೋಪಕರಣ ಮಳಿಗೆಗೆ ಹೋಗಿ, ಪರೀಕ್ಷಿಸಿದ ಹಳೆಯದನ್ನು ತನ್ನಿ.

ಉಳಿದದ್ದು ಸುಲಭ: ಕೌನ್ಸಿಲ್ ತೆರಿಗೆ, ನೀರು, ಮಕ್ಕಳ ಶಾಲೆ, ವೈದ್ಯರು, ಅಂಚೆಯ ವಿಳಾಸ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಯಾಗಿ ಇಲ್ಲಿ ಮತದಾನದ ಹಕ್ಕಿದೆ, ಹೆಸರು ಸೇರಿಸಿ. ವಯಸ್ಕರು ಒಬ್ಬರೇ ಇರುವ ಮನೆಗೆ ಕೌನ್ಸಿಲ್ ತೆರಿಗೆಯಲ್ಲಿ ಶೇ 25ರಷ್ಟು ರಿಯಾಯಿತಿ ಇದೆ, ಕೇಳದೆ ಕೊಡುವುದಿಲ್ಲ.

ಹಳೆಯ ಮನೆ ಬಿಡುವ ದಿನ ಅಲ್ಲಿಯ ಮೀಟರ್‌ಗಳ ಫೋಟೊ, ಖಾಲಿ ಕೋಣೆಗಳ ವಿಡಿಯೊ ತೆಗೆದು, ಕೀಲಿ ಒಪ್ಪಿಸಿದ್ದಕ್ಕೆ ಇಮೇಲ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ನಿಮ್ಮ ಡೆಪಾಸಿಟ್ ಯಾವ ಸಂರಕ್ಷಣಾ ಯೋಜನೆಯಲ್ಲಿದೆ ಎಂಬ ಪತ್ರ ಹಳೆಯ ಇಮೇಲ್‌ಗಳಲ್ಲಿ ಎಲ್ಲೋ ಇರುತ್ತದೆ. ಮಾಲೀಕರು ಕೊಡಲು ಸತಾಯಿಸಿದರೆ ಆ ಯೋಜನೆಯವರಿಗೇ ನೇರವಾಗಿ ದೂರು ಕೊಡಬಹುದು, ವಕೀಲರು ಬೇಕಿಲ್ಲ.