ಪಿತ್ತಕೋಶದ ಸೋನೋಗ್ರಫಿ: ಚಾ, ಗಾಳಿ, ಗೇನ್

ಶಬ್ದದ ಅಲೆಗಳಿಂದ ಮೈಯೊಳಗನ್ನು ನೋಡುವ ಪರೀಕ್ಷೆಗೆ ಪುಣೆಯಲ್ಲಿ ಸೋನೋಗ್ರಫಿ ಅಂತಾರೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮಾತ್ರ ‘ಸ್ಕ್ಯಾನಿಂಗ್’ ಅಂತಲೇ ಕೇಳುತ್ತಾರೆ. ಪಿತ್ತಕೋಶ ನೋಡಲು ನಾನು ಬೆಳಗಿನ ಹೊತ್ತನ್ನೇ ಕೊಡುವುದು, ಅದೂ 8 ಗಂಟೆ ಏನೂ ತಿಂದಿರಬಾರದು. ಸಕ್ಕರೆ ಕಾಯಿಲೆಯವರಿಗೆ ಮೊದಲ ಸರದಿ. ನೀರಿಗೆ ಅಡ್ಡಿಯಿಲ್ಲ. ಚೀಟಿಯಲ್ಲಿ ‘ಉಪಾಶಿ ಪೋಟಿ’ (ಖಾಲಿ ಹೊಟ್ಟೆ) ಎಂದು ಮರಾಠಿಯಲ್ಲಿ ಬರೆದಿದ್ದರೂ “ಏನೂ ತಿಂದಿಲ್ರಿ, ಬರೇ ಚಾ ಕುಡದೇನಿ” ಅನ್ನುವವರು ಇದ್ದೇ ಇರುತ್ತಾರೆ. ಹಾಲಿನ ಕೊಬ್ಬು ಕರುಳಿಗೆ ಇಳಿದರೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಆಗ ಗೋಡೆ ದಪ್ಪಗೆ ಕಾಣುತ್ತದೆ, ಸಣ್ಣ ಕಲ್ಲು ಮಡಿಕೆಯಲ್ಲಿ ಮರೆಯಾಗುತ್ತದೆ. ಗೋಡೆ 3 ಮಿ.ಮೀ. ದಾಟಿದೆ ಎಂದು ಬರೆಯುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಲೇಬೇಕು. “ಉಪವಾಸ ಬಂದೀರೇನ್ರಿ?” ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, “ಚಾ ಎಷ್ಟೊತ್ತಿಗೆ ಕುಡಿದ್ರಿ?” ಎಂದರೆ ನಿಜ ಹೊರಬರುತ್ತದೆ.

ಹೊಟ್ಟೆಗೆ ನಾನು ಹಿಡಿಯುವುದು 2–5 ಮೆಗಾಹರ್ಟ್ಸ್‌ನ, ಬಾಗಿದ ಮುಖದ ಪ್ರೋಬ್, ಅಂದರೆ ಮೈಮೇಲೆ ಇಟ್ಟು ಆಡಿಸುವ ಹಿಡಿ. ಅದರೊಳಗಿನ ಹರಳುಗಳು ವಿದ್ಯುತ್ತಿಗೆ ಕಂಪಿಸಿ ಶಬ್ದ ಕಳಿಸುತ್ತವೆ, ಮರಳಿ ಬಂದ ಶಬ್ದ ಬಡಿದಾಗ ವಿದ್ಯುತ್ ಹುಟ್ಟಿಸುತ್ತವೆ. ಆಳ ಗೊತ್ತಾಗುವುದು ಹೋಗಿಬರುವ ಹೊತ್ತಿನಿಂದ: ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ 1540 ಮೀಟರ್ ಎಂದು ಮೆಷಿನ್ ಹಿಡಿದುಕೊಳ್ಳುತ್ತದೆ, ಒಂದು ಸೆಂ.ಮೀ. ಆಳಕ್ಕೆ 13 ಮೈಕ್ರೋಸೆಕೆಂಡು. ದಾರಿಯಲ್ಲಿ ಗಾಳಿ ಸಿಕ್ಕಿದರೆ ಶಬ್ದವೆಲ್ಲ ಅಲ್ಲಿಂದಲೇ ವಾಪಸ್. ಜೆಲ್ ಹಚ್ಚುವುದು ಚರ್ಮ ಮತ್ತು ಪ್ರೋಬ್ ನಡುವಿನ ಗಾಳಿ ತೆಗೆಯಲಿಕ್ಕೆ. ಅದು ಔಷಧಿ ಎಂದು ತಿಳಿದು ಒರೆಸಿಕೊಳ್ಳದೆ ಹೊರಡುವವರೂ ಇದ್ದಾರೆ. ಕರುಳಿನ ಗಾಳಿ ಅಡ್ಡ ಬಂದರೆ ಒತ್ತಿ ಪ್ರಯೋಜನ ಕಡಿಮೆ. ಎಡಮಗ್ಗುಲಿಗೆ ಹೊರಳಿಸಿ, ಉಸಿರೆಳೆದು ಹಿಡಿಯಲು ಹೇಳುತ್ತೇನೆ. ಯಕೃತ್ತು ಕೆಳಗಿಳಿಯುತ್ತದೆ, ಅದರೊಳಗಿನಿಂದ ಪಿತ್ತಕೋಶ ಕಾಣುತ್ತದೆ.

ಕಲ್ಲೆಂದರೆ ಬಿಳಿ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ನೆರಳು ಬೀಳದಿದ್ದರೆ ಕಲ್ಲಲ್ಲ ಎಂದು ಬಿಡಬಾರದು. ಫೋಕಸ್ ಕಲ್ಲಿನ ಮಟ್ಟಕ್ಕೆ ತಂದು, ಫ್ರೀಕ್ವೆನ್ಸಿ ಏರಿಸಿ, ಕಾಂಪೌಂಡಿಂಗ್ ಆಫ್ ಮಾಡಿ ನೋಡುತ್ತೇನೆ. ಕಾಂಪೌಂಡಿಂಗ್ ಹಲವು ಕೋನಗಳ ಚಿತ್ರ ಬೆರೆಸಿ ನೋಟವನ್ನು ನುಣುಪು ಮಾಡುತ್ತದೆ, ಜೊತೆಗೆ ನಮಗೆ ಬೇಕಾದ ನೆರಳನ್ನೂ ಅಳಿಸುತ್ತದೆ. 2–3 ಮಿ.ಮೀ. ಕಲ್ಲಿಗೆ ಇಷ್ಟಾದರೂ ನೆರಳು ಸಿಗದಿರಬಹುದು. ಮಗ್ಗುಲು ಬದಲಿಸಿದಾಗ ಕಲ್ಲು ಉರುಳುತ್ತದೆ, ಗೋಡೆಗೆ ಅಂಟಿ ಬೆಳೆದ ಗಂಟು, ಅಂದರೆ ಪಾಲಿಪ್, ಗೋಡೆ ಬಿಡುವುದಿಲ್ಲ. ಆದರೆ ಕೋಶದ ಕುತ್ತಿಗೆಯಲ್ಲಿ ಸಿಕ್ಕಿಬಿದ್ದ ಕಲ್ಲೂ ಅಲುಗಾಡದು, ಹಾಗಾಗಿ ಕುತ್ತಿಗೆಯವರೆಗೂ ಹುಡುಕಬೇಕು.

ಗೇನ್, ಅಂದರೆ ಮರಳಿ ಬಂದ ಶಬ್ದವನ್ನು ಮೆಷಿನ್ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಹೆಚ್ಚಿಟ್ಟರೆ ತಿಳಿ ಪಿತ್ತವೂ ಕೆಸರಿನಂತೆ ಬೂದಾಗಿ ಕಾಣುತ್ತದೆ. ತೀರಾ ಇಳಿಸಿದರೆ ಪಿತ್ತದಲ್ಲಿ ನಿಜವಾಗಿ ತಂಗಿದ ಕೆಸರೂ ಮಾಯ. ಪಕ್ಕದ ಯಕೃತ್ತಿನ ರಕ್ತನಾಳ ಕಪ್ಪಗಿದೆಯೇ ಎಂದು ನೋಡಿ ಹೊಂದಿಸುವುದು ನನ್ನ ಅಭ್ಯಾಸ. ಪ್ರೋಬ್ ಎಲ್ಲಿಟ್ಟರೂ ತೆರೆಯ ಅದೇ ಜಾಗದಲ್ಲಿ ಕಪ್ಪು ಪಟ್ಟೆ ನಿಂತಿದ್ದರೆ ಅದು ರೋಗಿಯದ್ದಲ್ಲ, ಪ್ರೋಬ್‌ನ ಸತ್ತ ಹರಳು ಅಥವಾ ಮುರಿದ ತಂತಿ.

ಪಿತ್ತನಾಳದ ಕೆಳತುದಿ ಹೆಚ್ಚಿನ ಸಲ ಡುವೋಡಿನಮ್ಮಿನ (ಸಣ್ಣ ಕರುಳಿನ ಮೊದಲ ಭಾಗ) ಗಾಳಿಯ ಹಿಂದೆ ಅಡಗಿರುತ್ತದೆ. ರಿಪೋರ್ಟಿನಲ್ಲಿ ಅಲ್ಲಿ ‘ಕಲ್ಲಿಲ್ಲ’ ಎಂದು ನಾನು ಬರೆಯುವುದಿಲ್ಲ, ‘ಕೆಳತುದಿ ಕಾಣಲಿಲ್ಲ’ ಎಂದು ಬರೆಯುತ್ತೇನೆ. ಕಾಮಾಲೆ ಇದ್ದರೆ ಪಿತ್ತನಾಳ ತೋರಿಸುವ ಎಂಆರ್‌ಐ ಪರೀಕ್ಷೆಯಾದ ಎಂಆರ್‌ಸಿಪಿಗೆ ಕಳಿಸಿ ಎಂಬ ಒಂದು ಸಾಲೂ ಸೇರುತ್ತದೆ.