ಅಂಗಡಿ ಮುಚ್ಚದೆ ಸೂಪರ್‌ಮಾರ್ಕೆಟ್ ರಿನೋವೇಶನ್ ಮಾಡುವುದು ಹೇಗೆ?

ಮೈಸೂರಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ನಾನು ಫ್ಲೋರ್ ಸೂಪರ್‌ವೈಸರ್. ರಿನೋವೇಶನ್ ಅಂದ ಕೂಡಲೇ ಮಾಲೀಕರು ಇಂಜಿನಿಯರ್, ಬಡಗಿ, ಎಲೆಕ್ಟ್ರಿಷಿಯನ್ ಜೊತೆ ಕೂತು ಮಾತಾಡುತ್ತಾರೆ. ಬಿಲ್ಲಿಂಗ್ ಹುಡುಗಿಗೆ ವಿಷಯ ಗೊತ್ತಾಗುವುದು ಗೋಡೆ ಒಡೆಯುವ ದಿನ. ಇದು ತಪ್ಪು. ನಕ್ಷೆ ಫೈನಲ್ ಆಗುವ ಮುಂಚೆಯೇ ಬಿಲ್ಲಿಂಗ್, ಹೌಸ್‌ಕೀಪಿಂಗ್, ಗೋಡೌನಿನವರಿಗೆ ತೋರಿಸಿ. ಕೌಂಟರ್ ಎಷ್ಟು ಎತ್ತರ ಇರಬೇಕು, ಕುರ್ಚಿ ಎಲ್ಲಿ ಹಾಕಬೇಕು, ಅಕ್ಕಿ ಮೂಟೆ ಯಾವ ದಾರಿಯಲ್ಲಿ ಒಳಗೆ ಬರಬೇಕು, ಇದೆಲ್ಲ ಅವರಿಗೇ ಚೆನ್ನಾಗಿ ಗೊತ್ತು.

ಕೆಲಸಕ್ಕೆ ಆಷಾಢ ಒಳ್ಳೆಯದು. ಮದುವೆ, ಗೃಹಪ್ರವೇಶ ಇರಲ್ಲ, ವ್ಯಾಪಾರ ಕಡಿಮೆ. ಆದರೆ ಇಂಗ್ಲಿಷ್ ತಿಂಗಳ ಮೊದಲ ವಾರ ಏನೂ ಕದಲಿಸಬೇಡಿ, ಸಂಬಳ ಬಂದವರು ತಿಂಗಳ ದಿನಸಿಗೆ ಬರುವುದು ಆಗಲೇ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಎಲ್ಲ ಮುಗಿದಿರಬೇಕು. ಮಳೆಗಾಲದಲ್ಲಿ ಬಣ್ಣ ಬೇಗ ಒಣಗಲ್ಲ, ಅದಕ್ಕೂ ದಿನ ಇಟ್ಟುಕೊಳ್ಳಿ.

ಒಂದು ಸಲಕ್ಕೆ ಒಂದೇ ಸಾಲು ಬಿಚ್ಚಿ. ಬಣ್ಣ ಹೊಡೆಯುವ ಕಡೆಯಿಂದ ಚಹಾಪುಡಿ, ಅಕ್ಕಿ, ಹಿಟ್ಟು ಮೊದಲು ದೂರ ಹೋಗಲಿ. ಥಿನ್ನರ್ ವಾಸನೆ ಹಿಡಿದ ಚಹಾಪುಡಿಯನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ. ಡೀಪ್ ಫ್ರೀಜರ್ ಸರಿಸುವ ಮುಂಚೆ ಸರಕನ್ನು ಬೇರೆ ಫ್ರೀಜರ್‌ಗೆ ಹಾಕಿ. ಓರೆ ಮಾಡಿ ಸಾಗಿಸಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ. ಮೈನಸ್ 18 ಡಿಗ್ರಿಗೆ ಬಂದ ಮೇಲೆಯೇ ಸರಕು ತುಂಬಿ.

ಸರಕಿನ ಜೊತೆಗೇ ಬೆಲೆ ಪಟ್ಟಿಯೂ ಹೋಗಬೇಕು. ಸುಮ್ನೆ ಹೇಳುತ್ತಿಲ್ಲ. ತೊಗರಿಬೇಳೆ ಇದ್ದ ಜಾಗಕ್ಕೆ ಕಡಲೆಬೇಳೆ ಬಂದಿರುತ್ತದೆ, ಕೆಳಗೆ ಹಳೆಯ ಬೆಲೆಯೇ ಅಂಟಿರುತ್ತದೆ. "ಅಲ್ಲಿ ಒಂದು ರೇಟು, ಇಲ್ಲಿ ಒಂದು ರೇಟಾ?" ಅಂತ ಗಿರಾಕಿ ಜಗಳಕ್ಕೆ ನಿಲ್ಲುವುದು ಬಿಲ್ಲಿಂಗ್ ಹುಡುಗಿಯ ಮುಂದೆ. ಹಿಂದೆ ಕ್ಯೂ ಬೆಳೆಯುತ್ತದೆ, ಅವಳ ಕಣ್ಣಲ್ಲಿ ನೀರು. ಅದಕ್ಕೇ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಇಬ್ಬರು ಸಾಲು ಸಾಲಾಗಿ ಸ್ಕ್ಯಾನ್ ಮಾಡಿ ಬೆಲೆ ನೋಡಲೇಬೇಕು.

ವಯಸ್ಸಾದವರಿಗೆ ತುಂಬಾ ಕಷ್ಟ ಆಗುತ್ತದೆ. ಕಣ್ಣು ಮಂಜಾದವರು ಓದಿ ಹುಡುಕುವುದಿಲ್ಲ, ಅಭ್ಯಾಸದಲ್ಲೇ ಕೈ ಹಾಕುತ್ತಾರೆ. ಅಕ್ಕಿ, ಬೇಳೆ, ಎಣ್ಣೆ ಮೂರನ್ನೂ ಒಂದೇ ದಿನ ಎತ್ತಬೇಡಿ. ಎಲ್ಲಿಗೆ ಹೋಯಿತು ಅಂತ ಹಳೆಯ ಜಾಗದಲ್ಲೇ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಟಿಸಿ. ಮೆಟ್ಟಿಲ ಬದಲು ರ್‍ಯಾಂಪ್ ಹಾಕಿಸುತ್ತೀರಾದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬಿಡಿ. ಜಾಗ ಉಳಿಸಲು ಕಡಿದಾಗಿ ಮಾಡಿದರೆ ಗಾಲಿಕುರ್ಚಿ ಹತ್ತುವುದಿಲ್ಲ. ಅಂಗಡಿಯ ಹೆಸರಿನ ಹೊಸ ಬೋರ್ಡಿನಲ್ಲಿ 60% ಕನ್ನಡ ಇರಲೇಬೇಕು, 2024ರ ಕಾನೂನು ಅದು.

ಸಿಬ್ಬಂದಿ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಅರ್ಧ ಅಂಗಡಿ ಬಿಚ್ಚಿಟ್ಟು ಹಳೆಯ ಟಾರ್ಗೆಟ್ ಕೇಳುವುದು ಅನ್ಯಾಯ ಅಲ್ವಾ? ಆ ತಿಂಗಳು ಇನ್ಸೆಂಟಿವ್ ಕತ್ತರಿಸಬೇಡಿ. ಧೂಳಿನಲ್ಲಿ ನಿಲ್ಲುವವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಊಟಕ್ಕೆ ಧೂಳಿಲ್ಲದ ಜಾಗ ತೋರಿಸಿ. ರಾತ್ರಿ ಸ್ಟಾಕ್ ಜೋಡಿಸಲು ಹೆಣ್ಣುಮಕ್ಕಳನ್ನು ಉಳಿಸಿಕೊಂಡರೆ ಓಟಿ ಕೊಡಿ, ಮನೆವರೆಗೆ ಗಾಡಿ ಕಳಿಸಿ.

ಕೆಲಸ ಮುಗಿದ ಮೇಲೂ ಎರಡು ವಾರ ಬಾಗಿಲ ಹತ್ತಿರ ಒಬ್ಬರು ನಿಂತಿರಲಿ. ಯಾರು ಏನು ಎಲ್ಲಿ ಅಂತ ಕೇಳುತ್ತಾರೋ ಬರೆದಿಟ್ಟುಕೊಳ್ಳಲಿ. ಬಂದವರೆಲ್ಲ ಉಪ್ಪು ಎಲ್ಲಿ ಅಂತ ಕೇಳುತ್ತಿದ್ದರೆ ಆ ರ್‍ಯಾಕನ್ನೇ ಮುಂದಕ್ಕೆ ತನ್ನಿ.